ಗಿಡ್ಡಂಗಿ ಜೀರುಂಡೆಯ ಜಾಡು

ಜೀರುಂಡೆ ಎಂದರೆ ಬೆನ್ನ ತುಂಬ ಗಟ್ಟಿ ಚಿಪ್ಪು ಎಂದುಕೊಂಡವರಿಗೆ ರೋವ್ ಜೀರುಂಡೆ ಜೀರುಂಡೆಯಾಗಿಯೇ ಕಾಣುವುದಿಲ್ಲ. ಅದರ ಚಿಪ್ಪು ಗಿಡ್ಡ ಅಂಗಿಯ ಹಾಗೆ ಅರ್ಧಕ್ಕೇ ನಿಂತುಬಿಡುತ್ತದೆ. ಹೊಟ್ಟೆಯ ಬಹುಭಾಗ ಬಯಲು. ಕೆಣಕಿದರೆ ಬಾಲದ ತುದಿ ಎತ್ತುತ್ತದೆ. ಕೊಂಡಿ ಇದೆಯೆಂದು ಹೆದರುವವರುಂಟು, ಕೊಂಡಿ ಇಲ್ಲ. ಆ ಗಿಡ್ಡ ಚಿಪ್ಪಿನಡಿ ಹಾರುವ ಉದ್ದ ರೆಕ್ಕೆ ಮಡಚಿಕೊಂಡಿರುತ್ತದೆ. ಎಡರೆಕ್ಕೆಯ ಮಡಿಕೆ ಒಂದು ಬಗೆ, ಬಲರೆಕ್ಕೆಯದು ಇನ್ನೊಂದು ಬಗೆ ಎಂಬುದನ್ನು ಜಪಾನಿನ ಸಂಶೋಧಕರು 2014ರಲ್ಲಿ ವೇಗದ ಕ್ಯಾಮೆರಾ ಹಿಡಿದು ತೋರಿಸಿದರು.

ಸ್ಟ್ಯಾಫಿಲಿನಿಡೇ ಎಂಬ ಈ ಕುಟುಂಬದಲ್ಲಿ ಹೆಸರು ಪಡೆದ ಜಾತಿಗಳೇ 60 ಸಾವಿರಕ್ಕೂ ಹೆಚ್ಚು. ಇವುಗಳಲ್ಲಿ ಬಹುಪಾಲಿನವಕ್ಕೆ ಬೇಕಾದದ್ದು ತೇವ: ಕೊಳೆಯುವ ಎಲೆ, ಅಣಬೆ, ಸಗಣಿ, ಹೊಳೆದಂಡೆಯ ಹಸಿಮಣ್ಣು. ಹೀಗಾಗಿ ರೋವ್ ಜೀರುಂಡೆ ಹುಡುಕುವವರ ಕಣ್ಣು ಸಹಜವಾಗಿ ಮಲೆನಾಡಿನ ಕಡೆ ಹೋಗುತ್ತದೆ. ಸೀಮೆಜಾಲಿಯ, ಕೆಂಪು ಮರಳುಗಲ್ಲಿನ ಐಹೊಳೆಯನ್ನು ಯಾರೂ ನೆನೆಯುವುದಿಲ್ಲ.

ನೆನೆಯಬೇಕಿತ್ತು. ಐಹೊಳೆಯ ಪಕ್ಕ ಹರಿಯುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ದಟ್ಟ ಕಾಡಿನಲ್ಲಿ. ಅಲ್ಲಿ ಸುರಿಯುವ ಮಳೆ ಬಾಗಲಕೋಟೆ ಜಿಲ್ಲೆಯ ಮಳೆಯ ಹಲವು ಪಟ್ಟು. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊತ್ತಿಗೆ ಈ ಒಂದೇ ನದಿ ಹಸಿಕಾಡು, ಬಯಲು, ಒಣಗುಡ್ಡ ಎಲ್ಲವನ್ನೂ ದಾಟಿ ಬಂದಿರುತ್ತದೆ. ಜೀರುಂಡೆಯ ಹಂಚಿಕೆ ಓದಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ಬೆಟ್ಟದ ಮೇಲಿನ ತರಗೆಲೆಯಲ್ಲೇ ತಲೆಮಾರುಗಟ್ಟಲೆ ಬಾಳಿದ ಎಷ್ಟೋ ರೋವ್ ಜೀರುಂಡೆಗಳು ರೆಕ್ಕೆಯನ್ನೇ ಕಳೆದುಕೊಂಡಿವೆ. ಹಾರಲಾಗದ ಹುಳ ಕಣಿವೆ ದಾಟದು; ಒಂದು ಗುಡ್ಡಸಾಲಿನ ಜಾತಿ ಪಕ್ಕದ ಸಾಲಿನಲ್ಲಿ ಸಿಗದೇ ಹೋಗಬಹುದು. ದಂಡೆಯ ಹುಳದ ಕಥೆ ತಿರುವುಮುರುವು. ಇವತ್ತಿನ ದಂಡೆ ನಾಳಿನ ನೆರೆಯಲ್ಲಿ ಕೊಚ್ಚಿಹೋಗುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಐಹೊಳೆ, ಪಟ್ಟದಕಲ್ಲುಗಳ ಗುಡಿಗಳವರೆಗೂ ಉಕ್ಕಿದ್ದು ಎಲ್ಲರಿಗೂ ನೆನಪಿದೆ. ಅಂಥ ಕಡೆ ಹಾರಬಲ್ಲದ್ದೇ ಉಳಿಯುತ್ತದೆ. ಗದ್ದೆ, ಹೊಳೆದಂಡೆಗಳ ಪೀಡೆರಸ್ ಫ್ಯುಸಿಪೆಸ್ ಎಂಬ ಜಾತಿ ಇಂಗ್ಲೆಂಡಿನಿಂದ ಜಪಾನ್, ಆಸ್ಟ್ರೇಲಿಯಾದವರೆಗೆ ಹಬ್ಬಿದೆ. ಅದೇ ಪೀಡೆರಸ್ ಕುಲದ ರೆಕ್ಕೆಗೇಡಿ ಬಂಧುಗಳಿಗೆ ಒಂದು ಬೆಟ್ಟವೇ ಜಗತ್ತು.

ಈ ಪೀಡೆರಸ್ ಓದುಗರಿಗೆ ಹೊಸದಲ್ಲ. ಕರಿತಲೆ, ಕಿತ್ತಳೆ ಕತ್ತು, ನೀಲಿ ಚಿಪ್ಪು, ತುದಿ ಕಪ್ಪಾದ ಕಿತ್ತಳೆ ಹೊಟ್ಟೆ: ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿಗೆ ಬರುವ ‘ಆಸಿಡ್ ಹುಳ’ ಇದೇ. ಇದು ಕಚ್ಚುವುದಿಲ್ಲ. ನಿದ್ದೆಗಣ್ಣಲ್ಲಿ ಕೈಯಿಂದ ಉಜ್ಜಿದಾಗ ಒಡೆದ ಮೈಯಿಂದ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗಿ, ಒಂದೆರಡು ದಿನದಲ್ಲಿ ಬರೆ ಎಳೆದಂತೆ ಬೊಬ್ಬೆ ಏಳುತ್ತದೆ. ಸರ್ಪಸುತ್ತೆಂದು ತಿಳಿದು ಮದ್ದು ಮಾಡಿಸುವವರೂ ಇದ್ದಾರೆ. ವಿಷವನ್ನು ತಯಾರಿಸುವುದು ಹುಳವೂ ಅಲ್ಲ, ಅದರ ಮೈಯೊಳಗಿನ ಬ್ಯಾಕ್ಟೀರಿಯಾ. ಮೈಮೇಲೆ ಕೂತರೆ ಊದಿ ಹಾರಿಸಿ, ಸೋಪು ಹಚ್ಚಿ ತೊಳೆದರೆ ಮುಗಿಯಿತು. ಇಷ್ಟು ಬೈಗುಳ ತಿನ್ನುವ ಈ ಹುಳ ಬೆಳೆಯ ಹೇನು, ಜಿಗಿಹುಳಗಳನ್ನು ತಿಂದು ರೈತನ ಕೆಲಸ ಮಾಡುತ್ತಿರುತ್ತದೆ ಎಂಬುದನ್ನೂ ಹೇಳಬೇಕು.

ದಂಡೆ ಬಿಟ್ಟರೆ ಒಣಸೀಮೆಯಲ್ಲಿ ತೇವ ಎಲ್ಲಿ? ಹುತ್ತದೊಳಗೆ. ಗೆದ್ದಲಿನ ಜೊತೆಗೇ ಬಾಳುವ, ಹೊಟ್ಟೆ ಊದಿಸಿಕೊಂಡು ಗೆದ್ದಲನ್ನೇ ಹೋಲುವ ರೋವ್ ಜೀರುಂಡೆಗಳಿವೆ. ಹವ್ಯಾಸಿಗಳು ಇವನ್ನು ಕಂಡರೆ ಮೈಮರೆಯುತ್ತಾರೆ, ಅದು ತಪ್ಪಲ್ಲ.

ಇನ್ನು ಹಂಚಿಕೆಯ ನಕ್ಷೆಯ ಮಾತು. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದ ಮಾಲ್ಕಂ ಕ್ಯಾಮೆರಾನ್ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿ, 1930ರಿಂದ 1939ರವರೆಗೆ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಈ ಕುಟುಂಬದ ಸಂಪುಟಗಳನ್ನು ತಂದ. ಇಂದಿಗೂ ಭಾರತದ ರೋವ್ ಜೀರುಂಡೆ ಗುರುತಿಸುವವರು ಮೊದಲು ತೆರೆಯುವುದು ಅವನ್ನೇ. ಅವುಗಳಲ್ಲಿ ಡೆಹ್ರಾಡೂನ್, ಮಸ್ಸೂರಿ, ಶಿಮ್ಲಾ, ನೀಲಗಿರಿ ಮತ್ತೆ ಮತ್ತೆ ಬರುತ್ತವೆ. ಹುಳ ಅಲ್ಲಿ ಹೆಚ್ಚೆಂಬುದು ನಿಜ. ಸಂಗ್ರಾಹಕರೂ ಅಲ್ಲೇ ಹೆಚ್ಚು ಅಲೆದರು ಎಂಬುದು ಅಷ್ಟೇ ನಿಜ. ಕಾರವಾರದಲ್ಲಿ ನೆಲೆನಿಂತ ಅರಣ್ಯಾಧಿಕಾರಿ ಟಿ.ಆರ್. ಬೆಲ್‌ನಂಥವರು ಉತ್ತರ ಕನ್ನಡದ ಕಾಡನ್ನು ಜಾಲಾಡಿದರು, ಬಾದಾಮಿಯ ಗುಡ್ಡಗಳಿಗೆ ಅಂಥ ಭಾಗ್ಯ ಬರಲಿಲ್ಲ. ಗುಡಿ ನೋಡಲು ಬಂದವರು ನೆಲ ನೋಡಲಿಲ್ಲ ಎಂದರೂ ಸರಿಯೇ.

ಈ ಕೊರತೆ ತುಂಬಲು ದುಬಾರಿ ಸಲಕರಣೆ ಬೇಡ. ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂತ ಪ್ಲಾಸ್ಟಿಕ್ ಲೋಟ, ತರಗೆಲೆ ಜರಡಿ, ಹತ್ತುಪಟ್ಟು ದೊಡ್ಡದಾಗಿ ತೋರುವ ಮಸೂರ, ಸ್ಪಿರಿಟ್ ತುಂಬಿದ ಸೀಸೆ ಸಾಕು. ಜಾತಿಯ ನಿರ್ಣಯ ಮಾತ್ರ ಮನೆಯಲ್ಲಿ ಆಗುವಂಥದ್ದಲ್ಲ. ಹೊರಗೆ ಒಂದೇ ಥರ ಕಾಣುವ ಎರಡು ಜಾತಿಗಳನ್ನು ಬೇರ್ಪಡಿಸಲು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ವಿಭಾಗವಿದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ಕೀಟಗಳ ದೊಡ್ಡ ಸಂಗ್ರಹವೇ ಇದೆ. ಕಣಕುಂಬಿ ಕಡೆಯ ಭೀಮಗಡ ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಹುಳವನ್ನೂ ಎತ್ತಕೂಡದು. ಹುನಗುಂದ, ಬಾದಾಮಿ, ಇಳಕಲ್ಲ ಕಡೆಯವರು ತಮ್ಮ ಹೊಲದ ಬದುವಿನಿಂದಲೇ ಶುರುಮಾಡಲಿ. ಊರು, ತಾರೀಖು, ಸಿಕ್ಕ ಜಾಗ ಬರೆದ ಚೀಟಿಯನ್ನು ಸೀಸೆಯೊಳಗೇ ಹಾಕಿಡಿ, ಅದೂ ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಅಳಿಸಿಹೋಗುತ್ತದೆ.