ಅಂಕಿತವೂ ರೂವಾರಿಯ ಹೆಸರೂ

ಕೈಕೆಲಸವೂ ಒಂದು ಪ್ರಾರ್ಥನೆಯೆಂಬ ಮಾತು ಕನ್ನಡನಾಡಿಗೆ ಹೊಸತಲ್ಲ. ಶರಣರ ಕಾಲದಿಂದ ಇಂದಿನವರೆಗೆ ಸಭೆಸಭೆಯಲ್ಲಿಯೂ ಅದು ಕೇಳಿಬರುತ್ತಿದೆ. ಆದರೆ ಬಹುಕಾಲ ಕೈಯಿಂದ ಕೈಗೆ ನಡೆದ ನಾಣ್ಯದ ಮುದ್ರೆ ಸವೆಯುವಂತೆ, ಬಹುಕಾಲ ಬಾಯಿಂದ ಬಾಯಿಗೆ ನಡೆದ ಮಾತಿನ ಅರ್ಥವೂ ಸವೆಯುವುದುಂಟು. ಯಾವ ಕೆಲಸ ಪ್ರಾರ್ಥನೆ, ಯಾವುದು ಬರಿಯ ದುಡಿಮೆ ಎಂಬುದನ್ನು ವಿಚಾರಿಸುವುದಕ್ಕೆ ಭದ್ರಾವತಿಯಂಥ ಊರು ತಕ್ಕ ಸ್ಥಳ. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಈ ಊರಿನಲ್ಲಿ ಒಂದು ಕಡೆ ಹೊಯ್ಸಳರ ಕಾಲದ ತ್ರಿಕೂಟವಾದ ಲಕ್ಷ್ಮೀನರಸಿಂಹ ದೇವಾಲಯ. ಇನ್ನೊಂದು ಕಡೆ 1918ರಲ್ಲಿ ಕಟ್ಟಲು ತೊಡಗಿ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಕಬ್ಬಿಣದ ಕಾರ್ಖಾನೆ. ಕಲ್ಲಿನ ಕೆಲಸವೂ ಬೆಂಕಿಯ ಕೆಲಸವೂ ಇಲ್ಲಿ ನೆರೆಹೊರೆಯಾಗಿವೆ.

ಈ ವಿಚಾರಕ್ಕೆ ಬೇಕಾದ ಸಾಕ್ಷಿಗಳಿಬ್ಬರೂ ಇದೇ ಜಿಲ್ಲೆಯ ಒಂದೇ ಊರಿನವರು. ಶಿಕಾರಿಪುರದ ಸೀಮೆಯ ಬಳ್ಳಿಗಾವೆಯಿಂದ ಹೊರಟ ದಾಸೋಜನೆಂಬ ರೂವಾರಿಯು, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಗಳನ್ನು ಕಡೆದು, ತನ್ನ ಹೆಸರನ್ನು ಅಲ್ಲಿ ಕೊರೆದನು. ಅವನ ಮಗ ಚಾವಣನೂ ಅಲ್ಲಿಯೇ ಉಳಿ ಹಿಡಿದವನು. ಅದೇ ಶತಮಾನದ ನಡುವೆ ಬಾಳಿದ ಅಲ್ಲಮಪ್ರಭುವಿಗೂ ಬಳ್ಳಿಗಾವೆಯೇ ಜನ್ಮಸ್ಥಳವೆಂದು ಸಂಪ್ರದಾಯವು ಹೇಳುತ್ತದೆ. ಶಿಲ್ಪಿಯು ದೇವರ ಗುಡಿಯ ಮೇಲೆ ತನ್ನ ಹೆಸರನ್ನು ಬರೆದನು. ವಚನಕಾರನು ತನ್ನ ಮಾತಿನ ಕೊನೆಯಲ್ಲಿ ತನ್ನ ಹೆಸರನ್ನು ಬಿಟ್ಟು, ಗುಹೇಶ್ವರನೆಂದು ದೇವರ ಹೆಸರನ್ನಿಟ್ಟನು. ಇವರಲ್ಲಿ ಭಕ್ತನಾರು, ಅಹಂಕಾರಿಯಾರು ಎಂದು ಕೇಳಿದರೆ ಉತ್ತರವು ಸುಲಭವೆಂದು ತೋರೀತು. ಆದರೆ ಅದು ಅಷ್ಟು ಸುಲಭವಲ್ಲ.

ಕೆಲಸವನ್ನು ಪೂಜೆಯೆಂದು ಸುಮ್ಮನೆ ಒಪ್ಪಿಕೊಳ್ಳುವವನಲ್ಲ ಅಲ್ಲಮ. ಸೊನ್ನಲಿಗೆಯಲ್ಲಿ ಕೆರೆಯನ್ನು ತೋಡಿಸಿ ಗುಡಿಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅವನು ಕಲ್ಲುಮಣ್ಣಿನ ಕೆಲಸದವನೆಂದು ಕರೆದು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಇದನ್ನು ಓದಿ, ಪ್ರಭುವಿಗೆ ದುಡಿಮೆಯಲ್ಲಿ ತಿರಸ್ಕಾರವಿತ್ತೆಂದು ತಿಳಿಯುವುದು ತಪ್ಪು. ಜನಕ್ಕೆ ನೀರನ್ನು ಕೊಡುವ ಕೆರೆಯ ಮೇಲೆ ಅವನಿಗೆ ಸಿಟ್ಟಿಲ್ಲ. ಕೆರೆಯನ್ನು ಕಟ್ಟಿದವನು ನಾನೆಂಬ ಭಾವವೇ ಅವನ ಗುರಿ. ಹೊರಗೆ ಕಟ್ಟುತ್ತ ಹೋದವನು ಒಳಗೆ ಬರಿದಾಗಿ ಉಳಿದರೆ ಕಟ್ಟಿದ್ದೆಲ್ಲ ಹೊರೆಯೇ ಸರಿ.

ಈ ಒರೆಗಲ್ಲಿಗೆ ರೂವಾರಿಗಳನ್ನು ತಂದರೆ ಅವರಿಗೆ ಕಷ್ಟವೇ. ಬೇಲೂರಿನಲ್ಲಿ ಹೆಸರುಗಳ ಜೊತೆಗೆ, ಎದುರಾಳಿ ಶಿಲ್ಪಿಗಳನ್ನು ಗೆದ್ದವನೆಂಬ ಬಿರುದುಗಳೂ ಉಂಟು. ಅದು ಹೆಮ್ಮೆಯಲ್ಲವೆಂದು ಹೇಳುವುದು ವಕಾಲತ್ತಾದೀತೇ ಹೊರತು ವಿಮರ್ಶೆಯಾಗದು. ಆದರೂ ಅಕ್ಷರದ ಹೆಮ್ಮೆಯನ್ನು ಕಂಡವರು ಉಳಿಯ ವಿನಯವನ್ನೂ ಕಾಣಬೇಕು. ಮದನಿಕೆಗಳು ಇರುವುದು ಸೂರಿನ ಕೆಳಗೆ, ಎತ್ತರದಲ್ಲಿ. ಅವುಗಳ ಬಳ್ಳಿಯ ಎಲೆಯನ್ನೂ ಬೆರಳಿನ ಉಂಗುರವನ್ನೂ ನೆಲದಲ್ಲಿ ನಿಂತವನ ಕಣ್ಣು ಪೂರ್ತಿಯಾಗಿ ಹಿಡಿಯಲಾರದು. ಗೆಲ್ಲುವುದೊಂದೇ ಗುರಿಯಾಗಿದ್ದರೆ ಅಷ್ಟು ನವುರು ಬೇಕಿರಲಿಲ್ಲ. ನೋಡುವವರಿಲ್ಲದ ಕಡೆಯಲ್ಲಿಯೂ ಕೈ ಸೋಲದೆ ನಡೆದುದು ಪ್ರೀತಿಯಿಂದ. ಆ ಪ್ರೀತಿಗೆ ಪ್ರಾರ್ಥನೆಯೆಂಬ ಹೆಸರು ಒಪ್ಪುತ್ತದೆ. ಹಾಗೆ ನೋಡಿದರೆ ಕೊರೆದ ಹೆಸರೂ ಒಂದು ಹೊಣೆಗಾರಿಕೆಯೇ: ಇದರಲ್ಲಿ ಕುಂದಿದ್ದರೆ ಅದು ತನ್ನದೆಂದು ರೂವಾರಿಯು ನಿಲ್ಲುತ್ತಾನೆ. ವಚನದ ಅಂಕಿತವೂ ಅಂಥದೇ. ಆಡಿದ ಮಾತಿಗೆ ದೇವರನ್ನೇ ಸಾಕ್ಷಿಗೆ ಕರೆದವನು ಸುಳ್ಳಾಡಲಾರನು.

ಪ್ರೀತಿಗೆ ಶ್ರದ್ಧೆಯಂತೆ ಮಿತಿಯೂ ಲಕ್ಷಣ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಹೆಚ್ಚಾಗಿ ತಂದಾಗ, ಹೆಂಡತಿ ಲಕ್ಕಮ್ಮನು ಹೆಚ್ಚಿನದನ್ನು ಹಿಂದಕ್ಕೆ ಹಾಕಿ ಬರುವಂತೆ ಹೇಳಿದಳು. ಆಕೆಯ ಮಾತಿನಲ್ಲಿ ಗಂಡನ ಮೇಲಿನ ಪ್ರೀತಿಯೂ ಶಿವನ ಮೇಲಿನ ಭಕ್ತಿಯೂ ಬೇರೆಯಾಗಿಲ್ಲ. ಆಸೆಯು ಹೊಕ್ಕ ಕೂಡಲೇ ಕಾಯಕವು ಗಳಿಕೆಯಾಗುತ್ತದೆಂದು ಅಲ್ಲಮನಿಗಿಂತ ನೇರವಾಗಿ ತೋರಿಸಿದವಳು ಈಕೆ.

ಇನ್ನು ಬೆಂಕಿಯ ಕೆಲಸ. ಭದ್ರಾವತಿಯ ಕುಲುಮೆಯಲ್ಲಿ ಕರಗಿದ ಕಬ್ಬಿಣದ ಮೇಲೆ ದಾಸೋಜನ ಹೆಸರಿನಂಥ ಹೆಸರಿಲ್ಲ; ನೂರಾರು ಕೈಗಳ ಕೆಲಸಕ್ಕೆ ಒಬ್ಬನ ಗುರುತನ್ನು ಇಡುವುದೆಂತು? ಮಹಾನವಮಿಯಲ್ಲಿ ಆಯುಧಕ್ಕೆ ಅರಿಸಿನ ಕುಂಕುಮವನ್ನಿಟ್ಟು ಕೈಮುಗಿಯುವುದೇ ಅಂಥ ಕೆಲಸಗಾರನ ಅಂಕಿತ. 2023ರ ಜನವರಿಯಲ್ಲಿ ಈ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ಹೊರಬಿದ್ದಾಗ ಕಾರ್ಮಿಕರು ಧರಣಿ ಕುಳಿತರು. ಅವರ ಮೊದಲ ಚಿಂತೆ ಅನ್ನದ್ದು. ಅದನ್ನು ಮರೆಮಾಡಿ ಆಧ್ಯಾತ್ಮವನ್ನು ಹೇಳುವುದು ಕ್ರೌರ್ಯ. ಆದರೆ ದುಡಿಮೆಯನ್ನು ಪೂಜೆಯೆಂದು ಶತಮಾನಗಳಿಂದ ಬೋಧಿಸಿಕೊಂಡು ಬಂದ ನಾಡಿಗೆ ಅಂದು ಒಂದು ಪ್ರಶ್ನೆ ಎದುರಾಯಿತು: ಕೆಲಸವು ಪ್ರಾರ್ಥನೆಯಾದರೆ, ಕೆಲಸವನ್ನು ಕಳೆದುಕೊಂಡವನು ಯಾವ ಗುಡಿಗೆ ಹೋಗಬೇಕು?

ಕಾಯಕವನ್ನು ಹೊಗಳುವ ಸಾಹಿತ್ಯವನ್ನು ಓದಿ ತಲೆದೂಗುವವರು ಈ ಪ್ರಶ್ನೆಯನ್ನು ಮರೆಯತಕ್ಕದ್ದಲ್ಲ. ವಚನದ ಅಂಕಿತ ಸತ್ಯಕ್ಕೆ ಹೊಣೆ, ರೂವಾರಿಯ ಹೆಸರು ಕಲ್ಲಿಗೆ ಹೊಣೆ. ದುಡಿಯುವ ಕೈಗೆ ದುಡಿಮೆಯನ್ನು ಉಳಿಸಿಕೊಡುವುದು ಆ ಮಾತನ್ನು ಹೊಗಳಿದವರೆಲ್ಲರ ಹೊಣೆ.