ಹಿಟ್ಟಿನ ಕೋಳಿಯ ಕೂಗು: ಜನ್ನನ ‘ಯಶೋಧರ ಚರಿತೆ’ಯಲ್ಲಿ ನಂಬಿಕೆಯೂ ನಡತೆಯೂ

ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಜನ್ನನು ಕ್ರಿ.ಶ. 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು. ನಾಲ್ಕು ಅವತಾರಗಳ, ಬಹುಪಾಲು ಕಂದ ಪದ್ಯಗಳಿಂದಲೇ ಕೂಡಿದ ಈ ಚಿಕ್ಕ ಕಾವ್ಯವು ಕನ್ನಡ ಜೈನ ಸಾಹಿತ್ಯದಲ್ಲಿ ಅತ್ಯಂತ ಹೆಚ್ಚು ಚರ್ಚೆಗೊಳಗಾದ ಕೃತಿಗಳಲ್ಲೊಂದು. ಕಥೆಯು ಜನ್ನನ ಸ್ವಂತದ್ದಲ್ಲ. ಸೋಮದೇವಸೂರಿಯ ‘ಯಶಸ್ತಿಲಕ’, ಪುಷ್ಪದಂತನ ಅಪಭ್ರಂಶ ಕಾವ್ಯ, ವಾದಿರಾಜನ ಸಂಸ್ಕೃತ ಕಾವ್ಯ ಇವೆಲ್ಲವೂ ಅದನ್ನು ಮೊದಲೇ ಹೇಳಿದ್ದವು. ಹಾಗಿದ್ದರೂ ಕನ್ನಡ ಬಲ್ಲ ಶ್ರಾವಕ ಕುಟುಂಬಗಳಿಗೆ ಯಶೋಧರನೆಂದರೆ ಜನ್ನನ ಯಶೋಧರನೇ.

ಈ ಕಾವ್ಯವನ್ನು ಕುರಿತು ಬಂದಿರುವ ವಿಮರ್ಶೆಯ ಬಹುಭಾಗವು ಅಮೃತಮತಿಯ ಸುತ್ತ ತಿರುಗುತ್ತದೆ. ಮಧ್ಯರಾತ್ರಿಯಲ್ಲಿ ಕೇಳಿಬಂದ ಒಂದು ಹಾಡಿಗೆ ಮನಸೋತು, ವಿಕಾರರೂಪಿಯಾದ ಅಷ್ಟಾವಂಕನೆಂಬ ಮಾವಟಿಗನಿಗೆ ತನ್ನನ್ನು ಒಪ್ಪಿಸಿಕೊಂಡ ಈ ರಾಣಿಯ ಚಿತ್ರಣದಲ್ಲಿ ಜನ್ನನ ಪ್ರತಿಭೆ ಉಜ್ಜ್ವಲವಾಗಿ ಬೆಳಗಿದೆಯೆಂಬುದು ನಿರ್ವಿವಾದ. ಆದರೆ ಇದರಿಂದ ಹುಟ್ಟಿರುವ ಒಂದು ಅಭಿಪ್ರಾಯ ಮಾತ್ರ ಪರಿಶೀಲನೆಗೆ ಯೋಗ್ಯವಾಗಿದೆ. ಹಿಟ್ಟಿನ ಕೋಳಿಯ ಪ್ರಸಂಗವು ಮತಬೋಧೆಗಾಗಿ ಅಂಟಿಸಿದ ತೇಪೆಯೆಂದೂ, ಹಿಟ್ಟಿನ ಮುದ್ದೆಯೊಂದನ್ನು ಕತ್ತರಿಸಿದ ಮಾತ್ರಕ್ಕೆ ಜನ್ಮಜನ್ಮಾಂತರಗಳ ದುಃಖವನ್ನು ಹೊರಿಸುವುದು ಕಾವ್ಯನ್ಯಾಯಕ್ಕೆ ಒಪ್ಪದೆಂದೂ ಹೇಳುವವರಿದ್ದಾರೆ. ಜೈನ ಮನೆಗಳ ತರುಣರೂ ಇದನ್ನೇ ಕೇಳುತ್ತಾರೆ. ‘ಹಿಟ್ಟು ತಾನೇ, ಅದರಲ್ಲಿ ಜೀವವೆಲ್ಲಿತ್ತು?’ ಎಂಬ ಅವರ ಪ್ರಶ್ನೆಯನ್ನು ‘ಕರ್ಮಸಿದ್ಧಾಂತ’ ಎಂಬ ಒಂದೇ ಪದದಿಂದ ಮುಚ್ಚಿಹಾಕುವ ಹಿರಿಯರು ಆ ಪ್ರಶ್ನೆಗೂ ನ್ಯಾಯ ಸಲ್ಲಿಸುವುದಿಲ್ಲ, ಕಾವ್ಯಕ್ಕೂ ಸಲ್ಲಿಸುವುದಿಲ್ಲ.

ಉತ್ತರವು ಕಾವ್ಯದೊಳಗೇ ಇದೆ. ಅದನ್ನು ಕಾಣಲು ಆ ಒಂದು ರಾತ್ರಿಯನ್ನೂ ಮರುದಿನದ ಬೆಳಗನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ರಾತ್ರಿ ಯಶೋಧರನು ಹೆಂಡತಿಯನ್ನು ಹಿಂಬಾಲಿಸಿ ಹೋಗಿ, ಕಾಣಬಾರದ್ದನ್ನು ಕಣ್ಣಾರೆ ಕಂಡನು. ಕೈಯಲ್ಲಿ ಕತ್ತಿಯಿತ್ತು. ಅವನು ಕ್ಷತ್ರಿಯ, ಅರಸ, ವಂಚಿತನಾದ ಗಂಡ. ಇಬ್ಬರನ್ನೂ ಅಲ್ಲಿಯೇ ಕೊಂದಿದ್ದರೆ ಲೋಕದಲ್ಲಿ ಕೇಳುವವರಿರಲಿಲ್ಲ. ಎತ್ತಿದ ಕೈಯನ್ನು ತಡೆದು ಅವನು ಹಿಂದಿರುಗಿ ಬಂದನು. ಅಹಿಂಸೆಯಲ್ಲಿ ಅವನಿಗಿದ್ದ ನಂಬಿಕೆಯು ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಎದುರಿಸುವುದು ಸಾಧ್ಯವಿರಲಿಲ್ಲ. ಅವನು ಅದರಲ್ಲಿ ಗೆದ್ದನು.

ಬೆಳಗಾದ ಮೇಲೆ ತಾಯಿ ಚಂದ್ರಮತಿಯು ಮಗನ ಬಾಡಿದ ಮುಖವನ್ನು ಕಂಡು ಕಾರಣ ಕೇಳುತ್ತಾಳೆ. ಅವನು ನಿಜವನ್ನು ಹೇಳಲಾರನು. ಕೆಟ್ಟ ಕನಸು ಕಂಡೆನೆಂದು ಮರೆಮಾತಿನಲ್ಲಿ ಜಾರಿಕೊಳ್ಳುತ್ತಾನೆ. ತಾಯಿಯು ಆ ಮಾತನ್ನು ನಂಬಿ ಹೆದರುತ್ತಾಳೆ, ಚಂಡಿಕೆಗೆ ಪ್ರಾಣಿಬಲಿಯನ್ನು ಕೊಟ್ಟು ಶಾಂತಿ ಮಾಡಿಸಬೇಕೆನ್ನುತ್ತಾಳೆ. ಮಗನು ಒಪ್ಪುವುದಿಲ್ಲ, ಜೀವಹಿಂಸೆಯಿಂದ ಶಾಂತಿ ಹೇಗೆಂದು ವಾದಿಸುತ್ತಾನೆ. ಈ ವಾದದಲ್ಲಿಯೂ ಅವನದೇ ಮೇಲುಗೈ. ಆಗ ತಾಯಿಯು ಪಟ್ಟನ್ನು ಸಡಿಲಿಸಿ, ಜೀವವಿರುವ ಕೋಳಿ ಬೇಡವಾದರೆ ಹಿಟ್ಟಿನ ಕೋಳಿಯನ್ನಾದರೂ ಕೊಡು ಎನ್ನುತ್ತಾಳೆ. ಅಲ್ಲಿ ಯಶೋಧರನ ನಾಲಿಗೆ ಕಟ್ಟುತ್ತದೆ. ತಾಯಿಯ ಮಾತನ್ನು ಎಷ್ಟೆಂದು ಮೀರುವುದು? ಅವನು ಒಪ್ಪುತ್ತಾನೆ.

ಜನ್ನನ ಮನೋವೈಜ್ಞಾನಿಕ ಸೂಕ್ಷ್ಮತೆಯು ಅಮೃತಮತಿಯ ಪ್ರಸಂಗಕ್ಕಿಂತ ಇಲ್ಲಿಯೇ ಹೆಚ್ಚೆಂದರೆ ಅತಿಶಯೋಕ್ತಿಯಾಗದು. ದೊಡ್ಡ ಹಿಂಸೆಗೆ ಅವನ ನಂಬಿಕೆಯಲ್ಲಿ ಹೆಸರಿತ್ತು, ಆದ್ದರಿಂದ ಅದನ್ನು ಗುರುತಿಸಿ ತಿರಸ್ಕರಿಸಿದನು. ಸಣ್ಣದು ಬೇರೊಂದು ವೇಷದಲ್ಲಿ, ಮಾತೃಭಕ್ತಿಯ ವೇಷದಲ್ಲಿ ಬಂದಾಗ ಗುರುತು ಹತ್ತಲಿಲ್ಲ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಬಲಿಯ ಮಾತು ಹುಟ್ಟಿದುದೇ ಅವನ ಸುಳ್ಳಿನಿಂದ. ಕನಸೇ ಇರಲಿಲ್ಲ, ಇಲ್ಲದ ಕನಸಿಗೆ ಶಾಂತಿಯೂ ಬೇಕಿರಲಿಲ್ಲ. ಮನೆತನದ ಮಾನವನ್ನು ಉಳಿಸಲು ಆಡಿದ ಆ ಒಂದು ಹುಸಿಮಾತು ಸತ್ಯಾಣುವ್ರತದಲ್ಲಿ ಬಿಟ್ಟ ಬಿರುಕು, ಅಹಿಂಸಾಣುವ್ರತವು ಸೋರಿಹೋದುದು ಆ ಬಿರುಕಿನಿಂದ. ಲೆಕ್ಕಪತ್ರದ ಪರಿಚಯವಿದ್ದವರಿಗೆ ಇದು ಹೊಸದಲ್ಲ. ಒಂದು ಸುಳ್ಳು ನಮೂದನ್ನು ಬರೆದವನು ಅದನ್ನು ಸರಿದೂಗಿಸಲು ಇನ್ನೊಂದನ್ನು ಬರೆಯಲೇಬೇಕಾಗುತ್ತದೆ, ವರ್ಷಾಂತ್ಯದ ತಾಳೆಪಟ್ಟಿಯಲ್ಲಿ ಎರಡೂ ಎದ್ದು ನಿಲ್ಲುತ್ತವೆ.

ಶಾಸ್ತ್ರವೂ ಇದನ್ನೇ ಹೇಳುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಪ್ರಕಾರ ಹಿಂಸೆಯೆಂದರೆ ಪ್ರಾಣಹರಣವಷ್ಟೇ ಅಲ್ಲ, ಪ್ರಮಾದಯುಕ್ತವಾದ ಪ್ರಾಣಹರಣ. ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇನ್ನೂ ಮುಂದೆ ಹೋಗಿ, ಮನಸ್ಸಿನಲ್ಲಿ ರಾಗಾದಿಗಳು ಹುಟ್ಟುವುದನ್ನೇ ಹಿಂಸೆಯ ಮೂಲವಾಗಿ ಹಿಡಿದಿದ್ದಾರೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಅಡುಗೆ ಮಾಡುವುದರಲ್ಲಿ, ಉಳುವುದರಲ್ಲಿ, ವ್ಯಾಪಾರದಲ್ಲಿ, ಆತ್ಮರಕ್ಷಣೆಯಲ್ಲಿ ಆಗುವುದನ್ನು ಶ್ರಾವಕನು ಪೂರ್ತಿ ತಪ್ಪಿಸಲಾರನು. ಆದರೆ ಕೊಲ್ಲುವೆನೆಂಬ ಸಂಕಲ್ಪಕ್ಕೆ ಅವನಲ್ಲಿ ಎಡೆಯೇ ಇರಕೂಡದು. ಹಿಟ್ಟಿನ ಕೋಳಿಯ ಮೇಲೆ ಕತ್ತಿಯೆತ್ತಿದಾಗ ಯಶೋಧರನ ಕೈಯಲ್ಲಿದ್ದುದು ಹಿಟ್ಟು, ಮನಸ್ಸಿನಲ್ಲಿದ್ದುದು ಕೋಳಿ. ಹಿಟ್ಟೆಂದೇ ಭಾವಿಸಿದ್ದರೆ ದೇವಿಗೆ ಅದು ಬಲಿಯಾಗುತ್ತಿರಲಿಲ್ಲ. ಬಲಿಯೆಂದು ಕೊಟ್ಟ ಮೇಲೆ ಅದು ಹಿಟ್ಟಾಗಿ ಉಳಿಯಲಿಲ್ಲ. ಬೆಂತರವೊಂದು ಆ ಕೋಳಿಯನ್ನು ಹೊಕ್ಕು, ಕತ್ತಿ ಬಿದ್ದಾಗ ಕೂಗಿತೆಂದು ಜನ್ನನು ಹೇಳಿದ್ದು ಪವಾಡಕ್ಕಾಗಿ ಅಲ್ಲ. ಸಂಕಲ್ಪಕ್ಕೆ ದನಿಯನ್ನು ಕೊಡಲು ಕವಿಗೆ ಬೇರೆ ದಾರಿ ಇರಲಿಲ್ಲ.

ಇಷ್ಟನ್ನು ಒಪ್ಪಿದರೂ ಕಾವ್ಯದಲ್ಲಿ ಒಂದು ಕಗ್ಗಂಟು ಉಳಿಯುತ್ತದೆ. ಅದನ್ನು ಬಿಡಿಸದೆ ಮುಂದೆ ಹೋಗುವುದು ಪ್ರಾಮಾಣಿಕ ವಿಮರ್ಶೆಯಾಗದು. ಚಂದ್ರಮತಿಯು ತಾನು ನಂಬಿದ್ದನ್ನೇ ನಡೆಸಿದಳು. ಚಂಡಿಕೆಗೆ ಬಲಿ ಸಲ್ಲಬೇಕೆಂಬುದು ಅವಳ ಶ್ರದ್ಧೆ, ಮಗನು ಬದುಕಬೇಕೆಂಬುದು ಅವಳ ಆಸೆ. ಅವಳಲ್ಲಿ ನಂಬಿಕೆಗೂ ನಡತೆಗೂ ಅಂತರವಿರಲಿಲ್ಲ. ಯಶೋಧರನಾದರೋ ತಾನು ನಂಬಿದ್ದಕ್ಕೆ ವಿರುದ್ಧವಾಗಿ ನಡೆದವನು. ಆದರೂ ಅಮೃತಮತಿಯು ವಿಷವಿಕ್ಕಿ ಕೊಂದ ಮೇಲೆ ಇಬ್ಬರೂ ಸರಿಸಮವಾಗಿ ಭವಗಳಲ್ಲಿ ತೊಳಲುತ್ತಾರೆ. ಮಗನು ನವಿಲು, ತಾಯಿ ನಾಯಿ. ಬಳಿಕ ಮುಳ್ಳುಹಂದಿ ಮತ್ತು ಹಾವು, ಮೀನು ಮತ್ತು ಮೊಸಳೆ, ಆಡಿನ ಜನ್ಮಗಳು, ಎಮ್ಮೆಯ ಜನ್ಮ. ಕೊನೆಗೆ ಇಬ್ಬರೂ ಕೋಳಿಗಳು. ನವಿಲನ್ನು ನಾಯಿ ಕೊಲ್ಲುತ್ತದೆ, ಹಾವನ್ನು ಮುಳ್ಳುಹಂದಿ ಕೊಲ್ಲುತ್ತದೆ. ಮಗನಿಗಾಗಿ ಬಲಿ ಬೇಡಿದ ತಾಯಿಯೇ ಮಗನ ಕೊರಳಿಗೆ ಬಾಯಿ ಹಾಕುತ್ತಾಳೆ. ಮೀನಾಗಿದ್ದಾಗ ಅವನು ತನ್ನ ಶ್ರಾದ್ಧಕ್ಕೆ ತಾನೇ ಅಡುಗೆಯಾಗುತ್ತಾನೆ. ಸ್ವಂತ ಮಗನು ತಂದೆಯ ಸದ್ಗತಿಗೆಂದು ತಂದೆಯನ್ನೇ ಬೇಯಿಸಿ ಬಡಿಸುತ್ತಾನೆ! ಇದಕ್ಕಿಂತ ಕ್ರೂರವಾದ ವ್ಯಂಗ್ಯವು ಹಳಗನ್ನಡದಲ್ಲಿ ದೊರೆಯುವುದು ಕಷ್ಟ.

ಶ್ರದ್ಧೆಯಿಂದ ತಪ್ಪು ಮಾಡಿದವಳಿಗೂ, ಶ್ರದ್ಧೆಗೆ ತಪ್ಪಿ ನಡೆದವನಿಗೂ ಒಂದೇ ಫಲವೇ? ಸಂಪ್ರದಾಯದ ಉತ್ತರ ಸ್ಪಷ್ಟವಾಗಿದೆ. ಶ್ರದ್ಧೆಯು ಎಷ್ಟೇ ಗಾಢವಾಗಿದ್ದರೂ ಮಿಥ್ಯಾತ್ವವಾಗಿದ್ದರೆ ಅದು ಬಂಧಕ್ಕೇ ಕಾರಣ. ವಿಷವನ್ನು ಹಾಲೆಂದು ನಂಬಿ ಕುಡಿದವನನ್ನು ನಂಬಿಕೆ ಬದುಕಿಸುವುದಿಲ್ಲ. ಸಿದ್ಧಾಂತವಾಗಿ ಇದು ಸರಿ. ಕಾವ್ಯವಾಗಿ ನೋಡಿದರೆ ಜನ್ನನು ಇಲ್ಲಿ ಅವಸರ ಮಾಡಿದ್ದಾನೆ. ಆ ಬೆಳಗಿನ ಸಂಭಾಷಣೆಗೆ ಕೊಟ್ಟ ಸಾವಧಾನವನ್ನು ಭವಾವಳಿಗೆ ಕೊಟ್ಟಿಲ್ಲ. ಜನ್ಮಗಳು ಒಂದರ ಹಿಂದೊಂದು ಓಡುತ್ತವೆ, ಪ್ರಾಣಿಗಳು ಸಾಯುತ್ತವೆ, ಚಂದ್ರಮತಿಯ ಅಂತರಂಗವು ಒಮ್ಮೆಯೂ ತೆರೆದುಕೊಳ್ಳುವುದಿಲ್ಲ. ಅಮೃತಮತಿಗೂ ಇದೇ ಗತಿ. ಅವಳ ಮೋಹವನ್ನು ಅಷ್ಟು ಆಳವಾಗಿ ಕಂಡ ಕವಿ ಕೊನೆಗೆ ರೋಗವನ್ನೂ ನರಕವನ್ನೂ ಎರಡು ಮಾತಿನಲ್ಲಿ ಕೊಟ್ಟು ಕೈತೊಳೆದುಕೊಂಡನು. ಹೆಂಗಸರ ವಿಷಯದಲ್ಲಿ ಕವಿಚಕ್ರವರ್ತಿಯ ತಕ್ಕಡಿ ಸ್ವಲ್ಪ ವಾಲಿದೆಯೆಂದು ಒಪ್ಪಿಕೊಂಡರೆ ಧರ್ಮಕ್ಕೇನೂ ಹಾನಿಯಾಗದು.

ಗಿರೀಶ ಕಾರ್ನಾಡರು 1980ರಲ್ಲಿ ಪ್ರಕಟವಾದ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ವಾಲನ್ನು ಸರಿಪಡಿಸಲು ಯತ್ನಿಸಿದರು. ಅಲ್ಲಿ ಜೈನ ಶ್ರದ್ಧೆ ಮೂಲತಃ ರಾಣಿಯದು, ರಾಜನು ಅವಳ ಕೈಹಿಡಿದು ಆ ಧರ್ಮಕ್ಕೆ ಬಂದವನು, ರಾಜಮಾತೆಯು ಬಲಿಯನ್ನು ಬಿಡದವಳು. ಒಂದೇ ಮನೆಯಲ್ಲಿ ಮೂವರಿಗೆ ಮೂರು ಪ್ರಮಾಣದ ನಂಬಿಕೆಯಿದ್ದಾಗ ಏನಾಗುತ್ತದೆಯೆಂಬುದನ್ನು ನಾಟಕವು ಬಹಳ ಚೆನ್ನಾಗಿ ಹಿಡಿದಿದೆ. ಶೀಲದಲ್ಲಿ ಜಾರಿದವಳೇ ಅಹಿಂಸೆಯಲ್ಲಿ ಗಟ್ಟಿಯಾಗಿ ನಿಲ್ಲುವ ಆ ವಿಪರ್ಯಾಸವು ಶ್ರಾವಕ ಓದುಗನಿಗೆ ಇರುಸುಮುರುಸು ತಂದೀತು. ಹಾಗೆಂದು ಅದನ್ನು ತಳ್ಳಿಹಾಕಬೇಕಾಗಿಲ್ಲ. ಒಂದು ವ್ರತದಲ್ಲಿ ಬಿದ್ದವರು ಇನ್ನೊಂದರಲ್ಲಿ ನಿಲ್ಲುವುದು ಎಲ್ಲ ಊರುಗಳಲ್ಲಿಯೂ ಕಾಣುವ ಸಂಗತಿ. ನಾಟಕದ ಕೊರತೆ ಬೇರೆಡೆ ಇದೆ. ಭವಾವಳಿಯನ್ನು ಬಿಟ್ಟುದರಿಂದ ಹಿಟ್ಟಿನ ಹುಂಜವು ಅಲ್ಲಿ ದಾಂಪತ್ಯದ ಪ್ರಶ್ನೆಯಾಗಿ ಉಳಿಯಿತು, ಜೀವದಯೆಯ ಪ್ರಶ್ನೆಯಾಗಿ ಬೆಳೆಯಲಿಲ್ಲ.

ಜನ್ನನ ಕಾವ್ಯಕ್ಕೂ ಜೀವದಯಾಷ್ಟಮಿಯ ನೋಂಪಿಗೂ ಸಂಬಂಧವಿದೆಯೆಂಬುದು ವಾಚಕರಿಗೆ ತಿಳಿದದ್ದೇ. ನವರಾತ್ರಿಯ ದಿನಗಳಲ್ಲಿ, ಸುತ್ತಲೂ ಬಲಿಯ ನೆನಪು ಎಚ್ಚತ್ತಿರುವಾಗ ಈ ನೋಂಪಿ ಬರುತ್ತದೆ. ಅದೇ ದಿನಗಳಲ್ಲಿ ಆಯುಧಪೂಜೆಯೂ ಬರುತ್ತದೆ. ಅಂಗಡಿಯ ಮುಂದೆ, ಲಾರಿಯ ಚಕ್ರದ ಮುಂದೆ ಬೂದುಗುಂಬಳವನ್ನು ತಿರುಳು ತೆಗೆದು, ಒಳಗೆ ಕುಂಕುಮ ತುಂಬಿ, ನೀವಾಳಿಸಿ ಒಡೆಯುತ್ತಾರೆ. ಕೆಂಪು ಚೆಲ್ಲಬೇಕೆಂಬುದೇ ಅದರ ಉದ್ದೇಶ. (ಮರುದಿನ ಆ ಹೋಳುಗಳ ಮೇಲೆ ದ್ವಿಚಕ್ರ ವಾಹನಗಳು ಜಾರಿ ಬೀಳುವುದು ಬೇರೆ ಮಾತು.) ಜೈನ ವರ್ತಕರ ಅಂಗಡಿಗಳೂ ಇದಕ್ಕೆ ಹೊರತಲ್ಲ. ಬೆಳಿಗ್ಗೆ ಬಸದಿಯಲ್ಲಿ ಯಶೋಧರನ ಕಥೆಯನ್ನು ಕೇಳಿದವರೇ ಮಧ್ಯಾಹ್ನ ಅಂಗಡಿಯ ಮುಂದೆ ಕುಂಬಳಕಾಯಿ ಹಿಡಿದು ನಿಲ್ಲುತ್ತಾರೆ. ‘ಕೆಲಸದ ಹುಡುಗರ ಸಮಾಧಾನಕ್ಕೆ’ ಎಂಬ ಅವರ ಸಮಜಾಯಿಷಿ ಅಪ್ಪಟ ಯಶೋಧರನದೇ. ಅವನದು ತಾಯಿಯ ಸಮಾಧಾನ, ಇವರದು ಹುಡುಗರ ಸಮಾಧಾನ.

ತುಳುನಾಡಿನ ಜೈನ ಗುತ್ತುಬೀಡುಗಳ ಪ್ರಶ್ನೆ ಇನ್ನೂ ನಾಜೂಕಿನದು. ಅಲ್ಲಿ ದೈವಾರಾಧನೆಯು ತಲೆತಲಾಂತರದಿಂದ ನಡೆದುಬಂದಿದೆ. ಊರಿಗೂ ಮನೆಗೂ ಇರುವ ಸಂಬಂಧವೇ ಅದರ ಮೇಲೆ ನಿಂತಿರುವುದರಿಂದ ಒಂದು ಲೇಖನದ ಬಲದಿಂದ ಅದನ್ನು ತೂಗುವುದು ಉದ್ಧಟತನವಾದೀತು. ಆದರೆ ಎಲ್ಲೆಲ್ಲಿ ದೈವಕ್ಕೆ ಕೋಳಿಯನ್ನು ಕೊಡುವ ಕಟ್ಟಳೆಯಿದ್ದು, ಜೈನ ಯಜಮಾನನು ಕತ್ತಿಯನ್ನು ಮುಟ್ಟದೆ ಬೇರೊಬ್ಬರ ಕೈಯಿಂದ ಅದು ನಡೆಯುತ್ತದೆಯೋ ಅಲ್ಲೆಲ್ಲ ಕೃತ, ಕಾರಿತ, ಅನುಮೋದಿತ ಎಂಬ ಮೂರು ಪದಗಳನ್ನು ನೆನೆಯಬೇಕಾಗುತ್ತದೆ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪಿಗೆ ಕೊಡುವುದು ಈ ಮೂರಕ್ಕೂ ಶಾಸ್ತ್ರವು ಒಂದೇ ಸಾಲಿನಲ್ಲಿ ಎಡೆ ಹಾಕಿದೆ.

ಇದಕ್ಕೆ ವಿರುದ್ಧವಾದ ಅತಿರೇಕವೂ ಉಂಟು. ಸೋಯಾದಿಂದ ಮಾಡಿ ಮಾಂಸದ ಆಕಾರಕ್ಕೆ ತಂದ ತಿನಿಸುಗಳು ಇಂದು ಪೇಟೆಯಲ್ಲಿ ಸಿಗುತ್ತವೆ. ಅವನ್ನು ಕಂಡೊಡನೆ ‘ಇದೇ ಹಿಟ್ಟಿನ ಕೋಳಿ’ ಎಂದು ಮಕ್ಕಳನ್ನು ಗದರಿಸುವುದು ಜನ್ನನನ್ನು ತಪ್ಪಾಗಿ ಓದಿದಂತೆ. ಆಕಾರವು ಪಾಪವಲ್ಲ. ಮಕ್ಕಳ ಸಕ್ಕರೆ ಅಚ್ಚಿನಲ್ಲಿಯೂ ಆನೆ, ಗಿಳಿಗಳಿವೆ. ಕೇಳಬೇಕಾದುದು ಒಂದೇ: ತಿನ್ನುವವನ ಮನಸ್ಸು ಏನನ್ನು ತಿನ್ನುತ್ತಿದೆ? ಮಾಂಸವನ್ನು ಬಿಟ್ಟವನಿಗೆ ಅದು ಊರುಗೋಲಾದರೆ ಒಂದು ಫಲ, ಎಂದೂ ತಿನ್ನದವನಿಗೆ ಅದು ರುಚಿಯ ಕುತೂಹಲವನ್ನು ಹಚ್ಚಿದರೆ ಇನ್ನೊಂದು ಫಲ. ಅದಕ್ಕಿಂತ ಮೊದಲು ಹಿರಿಯರು ತಮ್ಮ ಕಡೆ ನೋಡಿಕೊಳ್ಳಬೇಕಾದದ್ದಿದೆ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಹುಡುಗನೊಬ್ಬನಿಗೆ ಮದುವೆಯ ಆರತಕ್ಷತೆಯಲ್ಲಿ ‘ಇವತ್ತೊಂದು ದಿನ, ಬೀಗರು ಬೇಜಾರು ಮಾಡಿಕೊಳ್ಳುತ್ತಾರೆ’ ಎಂದು ಎಲೆಯ ಮುಂದೆ ಕೂರಿಸುವವರು ಅವನ ತಂದೆತಾಯಿಗಳೇ. ಚಂದ್ರಮತಿಯು ಕೇಳಿದ್ದೂ ಒಂದು ದಿನವನ್ನೇ. ಕಂದಮೂಲ ನಿಷಿದ್ಧವೆಂದು ಕಲ್ಯಾಣಮಂಟಪದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ ಟ್ರಸ್ಟ್‌ಗಳು ಅದೇ ಮಂಟಪದಲ್ಲಿ ರಾತ್ರಿ ಒಂಬತ್ತರ ಪಂಕ್ತಿಗೆ ದೀಪ ಹಾಕಿಸುತ್ತವೆ. ನಿಯಮ ಸಡಿಲಿಸಬೇಕಾದರೆ ಸಡಿಲಿಸಲಿ, ಹಾಗೆಂದು ಬರೆಯಲಿ.

ಕಾವ್ಯದಲ್ಲಿ ಎರಡು ಸಲ ಕೋಳಿ ಕೂಗುತ್ತದೆ. ಮೊದಲನೆಯ ಕೂಗು ಜೀವವಿಲ್ಲದ ಕೋಳಿಯದು. ಎರಡನೆಯದು ಜೀವವಿರುವ ಕೋಳಿಗಳದು. ಕೊನೆಯ ತಿರ್ಯಗ್ಜನ್ಮದಲ್ಲಿ ತಾಯಿಮಕ್ಕಳು ಅಕಂಪನ ಮುನಿಗಳ ಬೋಧೆಯನ್ನು ಕೇಳಿ, ಹಿಂದಿನ ಭವಗಳನ್ನು ನೆನೆದು, ವ್ರತವನ್ನು ಹಿಡಿದ ಸಂತೋಷದಲ್ಲಿ ಕೂಗುತ್ತಾರೆ. ಯಶೋಧರನ ಮಗನಾದ ಯಶೋಮತಿಯು ಶಬ್ದವೇಧಿಯ ಕೌಶಲವನ್ನು ರಾಣಿಗೆ ತೋರಿಸಲು ಆ ದನಿಗೆ ಗುರಿಯಿಟ್ಟು ಬಾಣ ಬಿಡುತ್ತಾನೆ. ವ್ರತವು ಅವರನ್ನು ಸಾವಿನಿಂದ ಉಳಿಸಲಿಲ್ಲ. ಆದರೆ ಅಭಯರುಚಿ, ಅಭಯಮತಿಯೆಂದು ಹುಟ್ಟಿ ಬಂದ ಅವರೇ ಮಾರಿದತ್ತನ ಬಲಿಪೀಠದೆದುರು ಕತ್ತಿಗೆ ಅಂಜದೆ ನಿಂತು ಈ ಕಥೆಯನ್ನು ಹೇಳುತ್ತಾರೆ. ಆ ನಿರ್ಭಯವು ಎಲ್ಲಿಂದ ಬಂತೆಂದು ಕೇಳುವವನಿಗೆ ಭವಾವಳಿಯ ಭೀಕರ ವಿವರಗಳು ಮಾತ್ರ ಸಾಕಾಗುವುದಿಲ್ಲ. ನೋಂಪಿಯ ದಿನ ಕಥೆಯನ್ನು ಸಂಗ್ರಹವಾಗಿ ಹೇಳುವವರು ಮೊದಲು ಬಿಡುವುದು ಆ ಬೆಳಗಿನ ತಾಯಿಮಕ್ಕಳ ಮಾತನ್ನು, ಕೊನೆಯವರೆಗೂ ಇಟ್ಟುಕೊಳ್ಳುವುದು ನಾಯಿ, ನವಿಲು, ಮೊಸಳೆಗಳನ್ನು. ಮುಂದಿನ ಜೀವದಯಾಷ್ಟಮಿಗೆ ಓದಿಸುವ ಬಸದಿಗಳವರು ಸಮಯ ಸಾಲದಿದ್ದರೆ ಒಂದೆರಡು ಜನ್ಮಗಳನ್ನು ಬಿಟ್ಟರೂ ಚಿಂತೆಯಿಲ್ಲ, ಆ ಬೆಳಗಿನ ಭಾಗವನ್ನು ಪೂರ್ತಿಯಾಗಿ, ನಿಧಾನವಾಗಿ ಓದಿಸಲಿ.