ಬೂದು ಚೌಕಗಳ ಹಿಂದಿನ ಕೆಲಸ

ಹೋದ ವರ್ಷ ನಮ್ಮ ಟೀಮಿಗೆ ಹುಮನಾಬಾದ್ ಕಡೆಯ ಹುಡುಗನೊಬ್ಬನ ರೆಸ್ಯೂಮೆ ಬಂತು. ನಾನು ರಾಜೇಶ್ವರದವನು, ಖುಷಿಯಾಯ್ತು. ಆಮೇಲೆ ಅವನ ಗಿಟ್‌ಹಬ್ ತೆಗೆದೆ. ವರ್ಷಪೂರ್ತಿ ಬೂದು ಚೌಕಗಳು, ಹಸಿರು ನಾಲ್ಕೋ ಐದೋ. ಸ್ಟಾಕ್ ಓವರ್‌ಫ್ಲೋದಲ್ಲಿ ಖಾತೆಯೇ ಇಲ್ಲ. 'ಆಸಕ್ತಿ ಕಡಿಮೆ' ಅಂತ ಬರೆದು ಪಕ್ಕಕ್ಕಿಟ್ಟೆ. ಎರಡು ನಿಮಿಷದ ಕೆಲಸ.

ಕೆಲವು ದಿನಗಳ ನಂತರ ನನ್ನದೇ ಪ್ರೊಫೈಲ್ ನೋಡಿದೆ. ಹತ್ತು ವರ್ಷದಿಂದ ದಿನಾ ಕೋಡ್ ಬರೆಯುವವನ ಚೌಕಗಳೂ ಬೂದೇ! ನನ್ನ ಕೋಡೆಲ್ಲ ಕಂಪನಿಯ ಸರ್ವರಿನಲ್ಲಿದೆ, ಅದನ್ನು ಹೊರಗೆ ಹಾಕುವಂತಿಲ್ಲ. ಗಿಟ್‌ಹಬ್‌ನಲ್ಲೇ ಖಾಸಗಿಯಾಗಿ ಮಾಡಿದ ಕೆಲಸವೂ ನಾವಾಗಿ ತೋರಿಸು ಅನ್ನದ ಹೊರತು ಬೇರೆಯವರಿಗೆ ಕಾಣುವುದಿಲ್ಲ.

ಕಾಣುವ ಹಸಿರನ್ನಾದರೂ ನಂಬಬಹುದೇ? ಗಿಟ್‌ನಲ್ಲಿ ಕಮಿಟ್‌ಗೆ ಬೇಕಾದ ತಾರೀಖು ಕೊಡಬಹುದು; ಒಂದು ಸಣ್ಣ ಸ್ಕ್ರಿಪ್ಟಿನಿಂದ ಇಡೀ ವರ್ಷ ಹಸಿರಾಗುತ್ತದೆ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್‌ಗೆ ಟೀ ಶರ್ಟ್ ಅಂದಾಗ, ಎಷ್ಟೋ ಜನ ಅಪರಿಚಿತರ ರೀಡ್‌ಮಿ ಫೈಲಿಗೆ ಒಂದೆರಡು ಪದ ಸೇರಿಸಿ ಕಳಿಸಿದರು. ಕಾಟ ತಡೆಯಲಾರದೆ ನಡುವೆಯೇ ನಿಯಮ ಬದಲಾಯ್ತು. ಸ್ಟಾಕ್ ಓವರ್‌ಫ್ಲೋದಲ್ಲಿ ಉತ್ತರಕ್ಕೆ ಬೀಳುವ ಒಂದು ವೋಟಿಗೆ 10 ಅಂಕ. ಹಳೆಯ ಉತ್ತರವೊಂದು, ಬರೆದವನು ಮರೆತ ಮೇಲೂ, ದುಡಿಯುತ್ತಲೇ ಇರುತ್ತದೆ.

ಹಾಗಂತ ಇದೆಲ್ಲ ಸುಳ್ಳು ಅನ್ನಲಾರೆ. ಕ್ಯಾಂಪಸ್‌ಗೆ ಕಂಪನಿಗಳೇ ಬಾರದ ಕಾಲೇಜಿನ ಹುಡುಗಿಗೆ, ಜನ ಬಳಸುವ ಒಂದು ಪ್ರಾಜೆಕ್ಟಿನಲ್ಲಿ ಸರಿಮಾಡಿದ ಬಗ್ ದೊಡ್ಡ ಶಿಫಾರಸು. ಇದ್ದರೆ ಓದಿ, ಎಣಿಸಬೇಡಿ. ಹೇಗೆ ಯೋಚಿಸಿದ್ದಾಳೆ, ತಪ್ಪು ತೋರಿಸಿದಾಗ ಏನು ಉತ್ತರ ಕೊಟ್ಟಿದ್ದಾಳೆ ನೋಡಿ. ಇಲ್ಲದಿದ್ದರೆ ಅದಕ್ಕೆ ಅರ್ಥ ಹಚ್ಚಬೇಡಿ. ಖಾಲಿ ಚೌಕ ಹೇಳುವುದು ಬಿಡುವಿನ ಲೆಕ್ಕ, ಬುದ್ಧಿಯ ಲೆಕ್ಕವಲ್ಲ. ಸಂಜೆ ಮನೆಯಲ್ಲಿ ಅಡುಗೆ, ಮಕ್ಕಳು ಕಾದಿರುವವರಿಗೆ ಆ ಬಿಡುವು ಎಲ್ಲಿಂದ ಬರಬೇಕು?

ತಡೆಯಲಾಗದೆ ಆ ಹುಡುಗನಿಗೆ ಫೋನ್ ಮಾಡಿದೆ. "ಬ್ಯಾಂಕಿನ ಪ್ರಾಜೆಕ್ಟ್ ಅದರಿ ಸರ್, ಕೋಡ್ ಹೊರಗ ಹಾಕಂಗಿಲ್ರಿ. ಮನಿ ಮುಟ್ಟೋದ್ರಾಗ ರಾತ್ರಿ ಹತ್ತು ಆಗ್ತದ್ರಿ" ಅಂದ. ಅಷ್ಟರಲ್ಲಿ ಬೇರೆ ಕಡೆ ಸೇರಿಯಾಗಿತ್ತು.

ಈಗ ನಾನು ಒಂದು ಬಗ್ ಇರುವ ಸಣ್ಣ ಪ್ರೋಗ್ರಾಂ ಮುಂದಿಟ್ಟು, ಅಭ್ಯರ್ಥಿಯ ಜೊತೆ ಮುಕ್ಕಾಲು ಗಂಟೆ ಕೂರುತ್ತೇನೆ. ಪ್ರೊಫೈಲ್ ತೆರೆಯುವುದು ಅದಾದ ಮೇಲೆ. ಎರಡು ನಿಮಿಷದಲ್ಲಿ ಮುಗಿಯುವುದಿಲ್ಲ, ನಿಜ. ಒಬ್ಬರ ಹೊಟ್ಟೆಪಾಡಿನ ವಿಷಯ ಎರಡು ನಿಮಿಷದಲ್ಲಿ ಮುಗಿಯಲೂಬಾರದು.